ತೆಂಕು ತಾಕಿನ ಲಿಲ್ಲಿ

ಹೋದ ಭಾನುವಾರ ಸಂಜೆ ಟಿಲ್‌ಬರ್ಗ್‌ನ ನಮ್ಮ ಮನೆಯ ಹಿತ್ತಲಲ್ಲಿ ಇದ್ದದ್ದು ಮೂರೇ ಜನ. ನಾನು, ನನ್ನ ಹೆಂಡತಿ ವಸಂತಿ, ಮತ್ತು ಧಾರವಾಡದ ಹುಡುಗಿ ಶ್ರೇಯಾ. ಹಿತ್ತಲು ಅಂದ ಕೂಡಲೇ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ನಾಲ್ಕು ಕುರ್ಚಿ ಹಾಕಿದರೆ ಐದನೆಯವನು ಪಕ್ಕದ ಮನೆಯವರ ಬೇಲಿ ಹತ್ತಿ ಕೂರಬೇಕು. ನೆದರ್ಲೆಂಡ್ಸಿನಲ್ಲಿ ಬೇಸಿಗೆ ಅನ್ನುವುದು ಒಂದು ಗಾಳಿಮಾತು. ಅವತ್ತು ಮಾತ್ರ ಅದು ನಿಜವಾಗಿತ್ತು, ಹಾಗಾಗಿ ಇಡೀ ಬೀದಿ ಅಂಗಿ ಕಳಚಿ ಹೊರಗೆ ಬಿದ್ದಿತ್ತು. ವಸಂತಿ ನೀರುದೋಸೆ ಹೊಯ್ದು ತಂದು ಹಾಕುತ್ತಿದ್ದಳು. ನಾನು ಬೀಡಿನ ಯಜಮಾನನ ಹಾಗೆ ಕಾಲು ಚಾಚಿ ತಿನ್ನುತ್ತಿದ್ದೆ.

ಶ್ರೇಯಾಳಿಗೆ ಹೂವಿನ ಗೆಡ್ಡೆಗಳ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ನಾನು ಇಪ್ಪತ್ತೇಳು ವರ್ಷ ಮಾಡಿ ಬಿಟ್ಟ ಕೆಲಸವೇ. ಡಿಸೆಂಬರಿನಲ್ಲಿ ಅವಳನ್ನು ನ್ಯೂಜಿಲೆಂಡಿಗೆ ಕಳಿಸುತ್ತಾರಂತೆ.

"ಅಂಕಲ್, ಅಲ್ಲೆ ಡಿಸೆಂಬರ್‌ದಾಗ ಬ್ಯಾಸಿಗಿ ಅಂತಲ್ರೀ? ಸಮುದ್ರದ ಹತ್ರನ ಮನಿ ಕೊಡ್ತಾರಂತ. ಅರ್ಧಾ ಕೆಲಸ, ಅರ್ಧಾ ಹಾಲಿಡೇ ಅಂತ ಎಚ್‌ಆರ್‌ನ್ಯಾಕಿ ಹೇಳಿದ್ಲು."

"ಎಚ್‌ಆರ್‌ನವಳೇ ಹೇಳಿದ್ದಾಳಾ? ಹಾಗಾದರೆ ವೇದವಾಕ್ಯ ಅಂತ ತಿಳಿ," ಅಂದೆ.

"ಕೇಳಬೇಡ ಮಗಾ," ಅಂದಳು ವಸಂತಿ. "ಇವರು ಹೇಳ್ಲಿಕ್ಕೆ ಶುರು ಮಾಡಿದ್ರೆ ದೋಸೆ ತಣಿದು ರಟ್ಟಾಗ್ತದೆ. ಬರೆದು ಕೊಡ್ಲಿಕ್ಕೆ ಹೇಳು. ಬರೆಯುವಾಗ ಆದರೂ ಬಾಯಿ ಮುಚ್ಚಿರ್ತದೆ."

ಹಾಗಾಗಿ ಇದು. ಶ್ರೇಯಾಳಿಗೆ, ಮತ್ತು ಅವಳ ಹಾಗೆ ಈ ಕೆಲಸಕ್ಕೆ ಕಾಲಿಡುವ ಬುದ್ಧಿವಂತರಿಗೆ.

ಮೊದಲು ಕೆಲಸ ಏನು ಅಂತ ಹೇಳುತ್ತೇನೆ. ಇಷ್ಟು ವರ್ಷವಾದರೂ ಉಡುಪಿಯಲ್ಲಿರುವ ನನ್ನ ಅಣ್ಣಂದಿರಿಗೆ ಅದು ತಿಳಿದಿಲ್ಲ. ನಮ್ಮ ಆಫೀಸು ಇದ್ದದ್ದು ನೂರ್ಡ್‌ವೈಕ್ ಹತ್ತಿರ. ನೂರ್ಡ್‌ವೈಕ್ ಅಂದರೆ ನಮ್ಮ ಕನ್ನಡದವರಿಗೆಲ್ಲ ಗೊತ್ತಿರುವುದು ಅಲ್ಲಿಯ ಬಾಹ್ಯಾಕಾಶ ಕೇಂದ್ರ. ದೀಪಾವಳಿಗೆ ಸೇರಿದಾಗ ಯಾರಾದರೂ "ಎಲ್ಲಿ ಕೆಲಸ?" ಅನ್ನುವುದು, ನಾನು "ನೂರ್ಡ್‌ವೈಕ್" ಅನ್ನುವುದು, ಅವರು ಎದ್ದು ನಿಂತು ಕೈ ಮುಗಿಯುವುದು. ನಾನು "ಆಕಾಶದಲ್ಲಿ ಅಲ್ಲ ಮಾರಾಯ್ರೆ, ಮಣ್ಣಿನಲ್ಲಿ" ಅನ್ನುವಷ್ಟರಲ್ಲಿ ವಸಂತಿ ನನ್ನ ಕಾಲು ತುಳಿಯುತ್ತಿದ್ದಳು. ಎರಡು ವರ್ಷ ನಾನು ಉಪಗ್ರಹ ಹಾರಿಸಿದ್ದೇನೆ.

ನಿಜಕ್ಕೂ ನಾನು ಮಾಡುತ್ತಿದ್ದದ್ದು ರೋಗ ಹುಡುಕುವುದು. ಡಚ್ಚರು ಅದಕ್ಕೆ ಝೀಕ್‌ಜೂಕರ್ ಅನ್ನುತ್ತಾರೆ. ಲಿಲ್ಲಿ ಗದ್ದೆಯ ಸಾಲುಗಳ ನಡುವೆ ಬೆನ್ನು ಬಗ್ಗಿಸಿ ನಡೆಯುತ್ತಾ ಒಂದೊಂದು ಎಲೆಯಲ್ಲೂ ವೈರಸ್ಸಿನ ಕಲೆ ಇದೆಯೇ ಅಂತ ನೋಡುವವನು. ಎಲೆಯಲ್ಲಿ ಮಸುಕಾದ ಗೆರೆ ಕಂಡರೆ ಗಿಡ ಕೀಳು. ಹೆಚ್ಚು ಕಂಡರೆ ಆ ತಾಕನ್ನೇ ತಿರಸ್ಕರಿಸು. ತಿರಸ್ಕರಿಸಿದ ತಾಕಿಗೆ ಕಳೆನಾಶಕ ಹೊಡೆದು ಸುಡುತ್ತಾರೆ. ನೇರ ಬಿಸಿಲಿನಲ್ಲಿ ಆ ಗೆರೆ ಕಣ್ಣಿಗೆ ಬೀಳುವುದಿಲ್ಲ. ಮೋಡ ಬೇಕು, ಇಲ್ಲವಾದರೆ ಕೊಡೆ ಬಿಡಿಸಿ ನೆರಳು ಮಾಡಿಕೊಳ್ಳಬೇಕು. ನಮ್ಮಜ್ಜಿ ಬದುಕಿದ್ದು, ಮಳೆಯಿಲ್ಲದ ದಿನ ಕೊಡೆ ಹಿಡಿದು ಗದ್ದೆ ಸುತ್ತುವ ಮೊಮ್ಮಗನನ್ನು ನೋಡಿದ್ದರೆ "ಅಲ್ಪನಿಗೆ ಐಶ್ವರ್ಯ ಬಂತು" ಅಂತ ಗಾದೆ ಪೂರ್ತಿ ಹೇಳಿಯೇ ಒಳಗೆ ಹೋಗುತ್ತಿದ್ದರು.

ಇನ್ನೊಂದು ಮಾತು. ಗೆಡ್ಡೆ ದಪ್ಪವಾಗಬೇಕು ಅಂತ ಗದ್ದೆಯಲ್ಲಿ ಮೊಗ್ಗುಗಳನ್ನೆಲ್ಲ ಚಿವುಟಿ ಹಾಕುತ್ತಾರೆ. ಹೂವಿನ ಉದ್ಯಮದಲ್ಲಿ ಇಪ್ಪತ್ತೇಳು ವರ್ಷ ದುಡಿದ ನಾನು ಕೆಲಸದ ಹೊತ್ತಿನಲ್ಲಿ ನೋಡಿದ ಹೂವುಗಳನ್ನು ಒಂದು ಲೋಟದಲ್ಲಿ ಇಡಬಹುದು.

ನನ್ನ ಮೇಲಧಿಕಾರಿಯ ಹೆಸರು ಯಾಪ್. ಇಲ್ಲಿ ಸಾಹೇಬರು ಗೀಹೇಬರು ಅಂತ ಇಲ್ಲ, ಎಲ್ಲರನ್ನೂ ಹೆಸರು ಹಿಡಿದು ಕರೆಯಬೇಕು. ಇದು ಸಮಾನತೆ. ಆತ ಹೆಸರು ಹಿಡಿದು ನನ್ನನ್ನು ಬೈಯುತ್ತಿದ್ದ, ನಾನು ಹೆಸರು ಹಿಡಿದು ಕ್ಷಮೆ ಕೇಳುತ್ತಿದ್ದೆ. ಒಂದು ನವೆಂಬರಿನಲ್ಲಿ, ಹೊರಗೆ ಜಡಿಮಳೆ, ಯಾಪ್ ನನ್ನನ್ನು ಕರೆದು, "ನೀನು ಬಿಸಿಲಿನ ದೇಶದವನು, ಪಾಪ, ಇಲ್ಲಿ ಒದ್ದಾಡುತ್ತಿದ್ದೀ. ನ್ಯೂಜಿಲೆಂಡಿಗೆ ಹೋಗು. ಅಲ್ಲಿ ಈಗ ಬೇಸಿಗೆ. ಎರಡು ತಿಂಗಳು ರಜೆ ಅಂತಲೇ ತಿಳಿದುಕೋ," ಅಂದ. ಶ್ರೇಯಾ, ಗಮನಿಸು. ಎಚ್‌ಆರ್‌ನವಳ ಮಾತು ಹೊಸದೇನಲ್ಲ. ಅದು ವಂಶಪಾರಂಪರ್ಯವಾಗಿ ಬಂದದ್ದು.

ಅದಕ್ಕೆ ಕಾರಣ ಕೇಳು. ಇಲ್ಲಿ ಚಳಿಗಾಲ ಬಂದಾಗ ಭೂಮಿಯ ಆ ತುದಿಯಲ್ಲಿ ಬೇಸಿಗೆ. ಅಲ್ಲಿ ಬೆಳೆದ ಗೆಡ್ಡೆ ಇಲ್ಲಿಯವರ ಹಸಿರುಮನೆಗೆ ಅಕಾಲದಲ್ಲಿ ಹೊಸದಾಗಿ ಬಂದು ಬೀಳುತ್ತದೆ. ಆದರೆ ಅಲ್ಲಿಂದ ರೋಗ ಬರಬಾರದಲ್ಲ, ಅದಕ್ಕೆ ಇಲ್ಲಿಂದ ಒಬ್ಬ ಕೊಡೆಯವನು ಹೋಗುತ್ತಾನೆ.

ಆ ಕೊಡೆಯವನ ಪ್ರವೇಶ ಹೇಗಾಯಿತು ಅಂತಲೂ ಹೇಳಿಬಿಡುತ್ತೇನೆ, ವಸಂತಿ ಹೇಗೂ ಹೇಳುತ್ತಾಳೆ. ಆ ದೇಶದವರು ವಿಮಾನ ನಿಲ್ದಾಣದಲ್ಲಿ ಒಂದು ಎಲೆ, ಒಂದು ಬೀಜ, ಒಂದು ಚಿಟಿಕೆ ಮಣ್ಣನ್ನೂ ಒಳಗೆ ಬಿಡುವುದಿಲ್ಲ. ನಾನು ಎದೆಯುಬ್ಬಿಸಿ, "ನಾನು ಸಸ್ಯರೋಗ ಪರೀಕ್ಷಕ," ಅಂತ ಪತ್ರ ತೋರಿಸಿದೆ. ಅಧಿಕಾರಿಯ ನಾಯಿ ನನ್ನ ಕೋಟಿನ ಪಕ್ಕ ಬಂದು ಕೂತುಬಿಟ್ಟಿತು. ಜೇಬಿಗೆ ಕೈ ಹಾಕಿದರೆ ಒಂದು ಹಿಡಿ ಕರಿಬೇವು! ಹೇಗ್‌ನ ಅಂಗಡಿಯಿಂದ ತಂದದ್ದು, ವಸಂತಿಗೆ ಕೊಡಲು ಮರೆತು ಜೇಬಿನಲ್ಲೇ ಉಳಿದಿತ್ತು. ಅಧಿಕಾರಿ ಹೆಣ್ಣುಮಗಳು ನನ್ನ ಪತ್ರವನ್ನು ಓದಿದಳು, ಕರಿಬೇವನ್ನು ನೋಡಿದಳು, ಮತ್ತೆ ಪತ್ರವನ್ನು ಓದಿದಳು. ನನ್ನ ಬೂಟುಗಳನ್ನೂ ಬಿಚ್ಚಿಸಿ ತೊಳೆದು ಕೊಟ್ಟಳು. ಹೊಸ ದೇಶದಲ್ಲಿ ಇಷ್ಟು ಉಪಚಾರ ನನಗೆ ಎಲ್ಲೂ ಸಿಕ್ಕಿರಲಿಲ್ಲ.

ಅಲ್ಲಿ ನನ್ನನ್ನು ಸುತ್ತಾಡಿಸಲು ಕಂಪನಿ ನೇಮಿಸಿದವನು ಕ್ರೇಗ್. ಆಳು ಬಾಗಿಲಿನಷ್ಟು ಅಗಲ. ವರ್ಷವಿಡೀ ಚಡ್ಡಿ. "ಬಿಸಿಲಿಗೆ ಕ್ರೀಮು ಹಚ್ಚಿಕೋ," ಅಂತ ಮೊದಲ ದಿನವೇ ಒಂದು ಟ್ಯೂಬು ಕೊಟ್ಟ. ಮಲ್ಪೆ ಕಡಲ ಬದಿಯಲ್ಲಿ ಬೆಳೆದ ನನಗೆ ಬಿಸಿಲಿನ ಪಾಠ! ನಕ್ಕು ಪಕ್ಕಕ್ಕಿಟ್ಟೆ. ಮೂರನೆಯ ದಿನಕ್ಕೆ ಮೂಗಿನ ಚರ್ಮ ಹಪ್ಪಳದ ಹಾಗೆ ಎದ್ದು ಬಂತು. ಫೋನಿನಲ್ಲಿ ನನ್ನ ಮುಖ ಕಂಡು ವಸಂತಿ, "ಇದೆಂತದು, ಬೇಯಿಸಿದ ಬದನೆಕಾಯಿಯ ಹಾಗೆ? ನಾನಿಲ್ಲಿ ದಿನಾ ಬೆಳಿಗ್ಗೆ ಕಾರಿನ ಗಾಜಿಂದ ಐಸ್ ಕೆರೀತಾ ಇದ್ದೇನೆ. ನೀವು ಅಲ್ಲಿ ಬೆಂದು ಬನ್ನಿ," ಅಂದಳು. ಇನ್ನು ಸಮುದ್ರಸ್ನಾನ. ಆ ದಕ್ಷಿಣದ ಕಡಲಿನಿಂದ ಮುಂದೆ ಇರುವುದು ಹಿಮದ ಖಂಡ ಒಂದೇ. ಮೊಣಕಾಲಿನವರೆಗೆ ಇಳಿದೆ, ಮೊಣಕಾಲು ಇನ್ನೂ ನನ್ನ ಹತ್ತಿರವೇ ಇದೆಯೇ ಅಂತ ಮುಟ್ಟಿ ನೋಡಿಕೊಂಡು ಹೊರಗೆ ಬಂದೆ. ಪುಟ್ಟ ಮಕ್ಕಳು ಅದರಲ್ಲಿ ಕುಣಿಯುತ್ತಿದ್ದವು. ಇದು ಆ ಬೇಸಿಗೆ.

ಈಗ ಕೆಲಸಕ್ಕೆ ಬರುತ್ತೇನೆ. ನಿಮಗೆ ಬೇಕಾದ್ದು ಇದೊಂದೇ.

ನನಗೆ ಒಪ್ಪಿಸಿದ ಗದ್ದೆಗಳಲ್ಲಿ ಒಂದು ಜೋನ್ ಅನ್ನುವ ಹೆಂಗಸಿನದು. ಎಪ್ಪತ್ತರ ಹತ್ತಿರ ವಯಸ್ಸು. ಗಂಡ ಡೆನಿಸ್ ತೀರಿಕೊಂಡು ಎರಡು ವರ್ಷವಾಗಿತ್ತು. ಗದ್ದೆ ಚೌಕ, ನಾಲ್ಕೂ ಕಡೆ ಗಾಳಿ ತಡೆಯುವ ಎತ್ತರದ ಪೈನ್ ಮರಗಳ ಗೋಡೆ. ಒಳಗೆ ಹೋದರೆ ಬೆಟ್ಟವಿಲ್ಲ, ರಸ್ತೆಯಿಲ್ಲ, ಯಾವ ಮಗ್ಗುಲಿಗೆ ತಿರುಗಿದರೂ ಅದೇ ಮರ. ಗೇಟಿನ ಎಡಕ್ಕೊಂದು ತಾಕು, ಬಲಕ್ಕೊಂದು. ಒಂದರಲ್ಲಿ ನಮ್ಮ ಕಂಪನಿ ಅವಳ ನೆಲವನ್ನು ಬಾಡಿಗೆಗೆ ಹಿಡಿದು ಬೆಳೆದ ಲಿಲ್ಲಿ. ಇನ್ನೊಂದರಲ್ಲಿ ಡೆನಿಸ್ ಹದಿನಾಲ್ಕು ವರ್ಷ ಕೂತು, ಅದಕ್ಕಿದನ್ನು ಇದಕ್ಕದನ್ನು ಕೂಡಿಸಿ ಮಾಡಿದ ಹೊಸ ತಳಿ. ಅದರ ಗೆಡ್ಡೆಯನ್ನೂ ನಮ್ಮ ಕಂಪನಿಯೇ ಕೊಳ್ಳುವ ಮಾತಾಗಿತ್ತು, ಹಾಗಾಗಿ ಅದೂ ನಮ್ಮ ಪರೀಕ್ಷೆಗೆ. ಲೋಕದಲ್ಲಿ ಆ ತಳಿಯ ಗೆಡ್ಡೆ ಇದ್ದದ್ದು ಆ ಒಂದು ತಾಕಿನಲ್ಲಿ ಮಾತ್ರ. ಆದರೆ ಇದು ಯಾವುದೂ ನನಗೆ ಆಗ ಗೊತ್ತಿಲ್ಲ. ಪರೀಕ್ಷಕ ಪಕ್ಷಪಾತ ಮಾಡಬಾರದು ಅಂತ ಯಾವ ತಾಕು ಯಾರದು ಎಂಬುದನ್ನು ನಮಗೆ ಹೇಳುತ್ತಿರಲಿಲ್ಲ. ಕಾಗದದಲ್ಲಿ ಬರೆದದ್ದು ಇಷ್ಟೇ: ಉತ್ತರದ ತಾಕು, ದಕ್ಷಿಣದ ತಾಕು. ನಮ್ಮೂರ ಮಾತಿನಲ್ಲಿ ಬಡಗು, ತೆಂಕು.

ಸೋಂಕು ಹರಡಬಾರದು ಅಂತ ಫೋನು, ಗಡಿಯಾರ ಎಲ್ಲ ಕಾರಿನಲ್ಲಿ ಬಿಟ್ಟು, ಬಿಳಿ ಮೇಲಂಗಿ ತೊಟ್ಟು ಒಳಗೆ ಹೋಗಬೇಕು. ಕ್ರೇಗ್ ಕಾರಿನಲ್ಲೇ ಕೂತ. ಮೂರು ದಿನ ಆ ಗದ್ದೆ ನಡೆದೆ. ಮೂರು ದಿನವೂ ಮುಚ್ಚಿದ ಮೋಡ, ನಮ್ಮ ಕಸುಬಿಗೆ ಹಬ್ಬ. ಎಡ ತಾಕಿನಲ್ಲಿ ರೋಗ ಧಾರಾಳವಾಗಿತ್ತು. ಬಲ ತಾಕು ಶುದ್ಧ, ಒಂದು ಎಲೆಗೂ ಹೆಸರಿಡುವ ಹಾಗಿರಲಿಲ್ಲ. ಕೊನೆಯ ದಿನ ನಡು ಮಧ್ಯಾಹ್ನ ಮೋಡ ಒಂದು ಗಳಿಗೆ ಸರಿದು ಬಿಸಿಲು ಬಿತ್ತು. ತಲೆಯೆತ್ತಿ ನೋಡಿದೆ. ಸೂರ್ಯ ಎಡ ತಾಕಿನ ಮೇಲಿದ್ದ. ಮಧ್ಯಾಹ್ನದ ಸೂರ್ಯ ಎಲ್ಲಿರುತ್ತಾನೋ ಅದು ತೆಂಕು. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೂರ್ಡ್‌ವೈಕ್ ಬದಿಯ ಗದ್ದೆಗಳಲ್ಲಿ ಇಪ್ಪತ್ತು ವರ್ಷ ಅದನ್ನೇ ನೋಡಿ ನಕ್ಷೆ ತಿರುಗಿಸಿದವನು ನಾನು. ಬರೆದೆ: ತೆಂಕು ತಾಕು, ರೋಗಪೀಡಿತ. ಬಡಗು ತಾಕು, ಶುದ್ಧ. ಎಲೆಗಳ ಮಾದರಿ ತೆಗೆದು ಲಕೋಟೆಯ ಮೇಲೂ ಹಾಗೆಯೇ ಬರೆದು ಪ್ರಯೋಗಾಲಯಕ್ಕೆ ಕಳಿಸಿದೆ.

ಕೆಲವು ದಿನಕ್ಕೆ ಪ್ರಯೋಗಾಲಯದ ಉತ್ತರ ಬಂತು. ತೆಂಕು ತಾಕಿನ ಎಲೆಗಳಲ್ಲಿ ವೈರಸ್ ಖಚಿತ, ಮೊಹರು, ಸಹಿ. ನಾನು ತಿಳಿಯದೆ ಬರೆದ ಸುಳ್ಳಿಗೆ ವಿಜ್ಞಾನವೇ ಸಾಕ್ಷಿ ಹೇಳಿತು. ಯಾಪ್‌ನಿಂದ ಆದೇಶವೂ ಬಂತು: ತೆಂಕು ತಾಕನ್ನು ನಾಶ ಮಾಡಿ.

ಆದೇಶದ ಪ್ರತಿ ಹಿಡಿದು ಜೋನ್ ನಾನಿದ್ದ ಮನೆಗೆ ಬಂದಳು. ಅವಳ ಇಂಗ್ಲಿಷನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ.

"ಇನ್‌ಸ್ಪೆಕ್ಟರ್ ಅವರೇ, ಆ ಸಾಲುಗಳಲ್ಲಿ ನಾನು ದಿನಾ ನಡೆಯುತ್ತೇನೆ. ನನಗೆ ಒಂದು ಕಲೆಯೂ ಕಂಡಿಲ್ಲ."

"ಅದಕ್ಕೇ ನಮ್ಮನ್ನು ಕರೆಸುವುದು," ಅಂದೆ. ಹೌದು, ಹಾಗೇ ಅಂದೆ.

"ಅದು ನನ್ನ ಗಂಡ ಮಾಡಿದ್ದು. ಇದು ಬಿಟ್ಟರೆ ಬೇರೆ ಗೆಡ್ಡೆ ಇಲ್ಲ. ನನ್ನ ಜೊತೆ ಬಂದು ಇನ್ನೊಮ್ಮೆ ನೋಡಿ."

"ಬೆಳೆಗಾರರ ಜೊತೆ ಹೋಗಿ ನೋಡುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ."

ಆಕೆ ಸ್ವಲ್ಪ ಹೊತ್ತು ನನ್ನ ಸುಲಿದ ಮೂಗನ್ನು ನೋಡಿ, "ನಿಯಮ," ಅಂದು ಹೊರಟುಹೋದಳು. ನನಗೆ ಮರುಕ ಆಯಿತು. ಎಂಥ ಮರುಕ ಅಂದರೆ, ತಪ್ಪು ತಮ್ಮದಲ್ಲ ಅಂತ ಖಾತ್ರಿ ಇರುವವರಿಗೆ ಆಗುವಂಥದು. ಬಹಳ ಹಿತವಾಗಿರುತ್ತದೆ.

ಕಳೆನಾಶಕ ಹೊಡೆಯುವವನು ಮಾರನೆಯ ದಿನವೇ ಬರಬೇಕಿತ್ತು. ಆದರೆ ಅಷ್ಟರಲ್ಲಿ ಅವರ ಬೇಸಿಗೆ ರಜೆ ಶುರುವಾಯಿತು. ಕ್ರಿಸ್‌ಮಸ್‌ನಿಂದ ಜನವರಿ ಅರ್ಧದವರೆಗೆ ಆ ದೇಶದಲ್ಲಿ ಯಾರೂ ಯಾರಿಗೂ ಸಿಗುವುದಿಲ್ಲ. ಕೊಳಾಯಿ ಸೋರಿದರೆ ಬಕೆಟ್ ಇಡು, ಹಲ್ಲು ನೋವಾದರೆ ಲವಂಗ ಕಚ್ಚು. ಊರಿಗೂರೇ ಕಾರಿನ ಹಿಂದೆ ದೋಣಿ ಕಟ್ಟಿಕೊಂಡು ಕಡಲ ಬದಿಗೆ ಹೋಗಿ ಮಾಂಸ ಸುಡುತ್ತದೆ. ಔಷಧಿ ಹೊಡೆಯುವವನೂ ಎಲ್ಲೋ ಮೀನು ಹಿಡಿಯುತ್ತಿದ್ದ. ನಾನು ಯಾಪ್‌ಗೆ ವ್ಯಂಗ್ಯವಾಗಿ ಬರೆದೆ: "ಈ ಜನಕ್ಕೆ ಕೆಲಸ ಅಂದರೆ ಎರಡು ರಜೆಗಳ ನಡುವಿನ ಅಡಚಣೆ." ಯಾಪ್‌ಗೆ ಬಹಳ ಸಂತೋಷವಾಯಿತಂತೆ.

ರಜೆ ಮುಗಿಯುವ ಸೋಮವಾರ ಔಷಧಿ ಹೊಡೆಯುವುದು ಅಂತ ಗೊತ್ತಾಯಿತು. ಅದರ ಹಿಂದಿನ ಶನಿವಾರ ಕ್ರೇಗ್ ನನ್ನನ್ನು ತನ್ನ ಕಡಲ ಬದಿಯ ಗುಡಿಸಲಿಗೆ ಊಟಕ್ಕೆ ಕರೆದ. ಅವನ ಹೆಂಡತಿ, ಅತ್ತೆ, ನೆಂಟರು, ಎಲ್ಲರ ಕಾಲಲ್ಲೂ ಚಪ್ಪಲಿಯಿಲ್ಲ. ನನಗಾಗಿ ಜೋಳದ ತೆನೆ ಸುಟ್ಟಿದ್ದರು. ಮೇಜಿನ ಮೇಲೆ ಬೆಣ್ಣೆ, ಮೊಸರು, ಆಲೂಗಡ್ಡೆಯ ಸಲಾಡು.

"ನೀನು ಕೊಡೆಯ ಪರಿಣತ ಅಲ್ಲವಾ? ಇದನ್ನು ನಿಲ್ಲಿಸು. ಬೆಣ್ಣೆ ಕರಗುತ್ತದೆ," ಅಂತ ಕ್ರೇಗ್ ಒಂದು ದೊಡ್ಡ ಕೊಡೆ ಕೊಟ್ಟ.

ಊಟಕ್ಕೆ ಇನ್ನೂ ಹೊತ್ತಿತ್ತು, ಮೋಡ ಕವಿದಿತ್ತು. ಮುಂದೆ ಬರುವ ಮಧ್ಯಾಹ್ನದ ಬಿಸಿಲನ್ನು ಲೆಕ್ಕ ಹಾಕಿ, ಪರಿಣತರು ಮಾಡುವ ಹಾಗೆ, ಕೊಡೆಯನ್ನು ಕಡಲಿನ ಕಡೆಗೆ ಬಾಗಿಸಿ ಕಟ್ಟಿದೆ. ಕಡಲು ತೆಂಕಿಗಿದೆ ಅಂತ ಕ್ರೇಗ್ ಮೊದಲ ದಿನವೇ ಹೇಳಿದ್ದ, "ಇಲ್ಲಿಂದ ನೇರ ಈಜಿದರೆ ಪೆಂಗ್ವಿನ್" ಅಂತ. ಮಧ್ಯಾಹ್ನ ಮೋಡ ಒಡೆಯಿತು. ಬೆಣ್ಣೆ ಬಿಸಿಲಲ್ಲಿ ಕೂತು ಎಣ್ಣೆಯಾಯಿತು.

ಕ್ರೇಗ್‌ನ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಪಾಪ, ಇವನು ಅವನ ದೇಶದ ಸೂರ್ಯನಿಗೆ ಕೊಡೆ ಕಟ್ಟಿದ್ದಾನೆ!"

"ಇಲ್ಲಿ ಸೂರ್ಯ ಆ ಕಡೆ ಇರುವುದಿಲ್ಲ ಮಾರಾಯ," ಅಂದ ಕ್ರೇಗ್. "ಮಧ್ಯಾಹ್ನ ಉತ್ತರಕ್ಕೆ. ನಾವು ಭೂಮಿಯ ಕೆಳಗಿದ್ದೇವೆ, ನೆನಪಿದೆಯಾ?"

ನಾನೂ ನಕ್ಕೆ. ಬಾಯಲ್ಲಿ ಜೋಳ ಇತ್ತು. ನಗುತ್ತಲೇ ಕಡಲ ಕಡೆ ತಿರುಗಿ ನಿಂತೆ. ಬೆನ್ನು ಸುಡುತ್ತಿತ್ತು. ನನ್ನ ನೆರಳು ಗಿಡ್ಡವಾಗಿ ಮುಂದೆ ಬಿದ್ದಿತ್ತು, ನೀರಿನ ಕಡೆಗೆ, ತೆಂಕಿಗೆ. ಹುಟ್ಟಿದಂದಿನಿಂದ ನಾನು ನೋಡಿದ ಮಧ್ಯಾಹ್ನದ ನೆರಳೆಲ್ಲ ಕಣ್ಣ ಮುಂದೆ ಬಂದು ಹೋಯಿತು. ಆಮೇಲೆ ಆ ಗೇಟು, ಎಡ ತಾಕು, ಅದರ ಮೇಲೆ ನಿಂತ ಸೂರ್ಯ.

ಜೋಳವನ್ನು ಪಕ್ಕಕ್ಕೆ ಉಗಿದೆ.

"ಕ್ರೇಗ್," ಅಂದೆ, "ಜೋನ್‌ಳ ಗದ್ದೆಯ ಗೇಟು ಹೊಕ್ಕರೆ ಎಡಗಡೆ ಯಾವ ದಿಕ್ಕು?"

"ಉತ್ತರ. ಯಾಕೆ?"

ನನ್ನ ಮುಖ ನೋಡಿ ಅವನಿಗೆ ಅರ್ಥವಾಯಿತು. ಕೈಯಲ್ಲಿದ್ದ ಇಕ್ಕುಳ ಕೆಳಗಿಟ್ಟ. "ಸೋಮವಾರ ಬೆಳಿಗ್ಗೆ ಏಳಕ್ಕೆ ಅವನು ಔಷಧಿ ಹೊಡೆಯುತ್ತಾನೆ," ಅಂದ ಮೆಲ್ಲಗೆ.

ಸಂಜೆ ಯಾಪ್‌ಗೆ ಫೋನು ಮಾಡಿದೆ. ಅಲ್ಲಿ ಶನಿವಾರ ಬೆಳಿಗ್ಗೆ. ಆ ವರ್ಷ ಕಾಲುವೆಗಳು ಹೆಪ್ಪುಗಟ್ಟಿದ್ದವು. ಐಸು ಬಿತ್ತು ಅಂದರೆ ಡಚ್ಚರಿಗೆ ಹೆಂಡತಿ ಮಕ್ಕಳ ನೆನಪೂ ಇರುವುದಿಲ್ಲ. ಯಾಪ್ ಜಾರುಬೂಟು ಕಟ್ಟಿಕೊಳ್ಳುತ್ತಿದ್ದ. ನಾನು ಹೇಳಿದ್ದನ್ನು ಎರಡು ಸಲ ಹೇಳಿಸಿಕೊಂಡು ಕೇಳಿದ.

"ಅಂದರೆ ರೋಗ ಇರುವುದು ನಮ್ಮ ತಾಕಿನಲ್ಲಿ?"

"ಹೌದು."

"ಪ್ರಯೋಗಾಲಯದ ಕಾಗದ ಹಾಗೆ ಹೇಳುವುದಿಲ್ಲ."

"ಲಕೋಟೆಯ ಮೇಲೆ ಬರೆದವನು ನಾನೇ, ಯಾಪ್."

ಜಾರುಬೂಟು ನೆಲಕ್ಕಿಟ್ಟ ಸದ್ದು ಕೇಳಿಸಿತು. ಆಮೇಲೆ ಬಹಳ ಸ್ನೇಹದಿಂದ ಹೇಳಿದ. "ನೋಡು, ಇದು ನಿನಗೆ, ನನಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಇಪ್ಪತ್ತು ವರ್ಷದ ಪರೀಕ್ಷಕ ತೆಂಕು ಬಡಗು ತಿಳಿಯದವನು ಅಂತ ನೀನೇ ಬರೆದುಕೊಟ್ಟರೆ ನಾಳೆ ನಿನ್ನನ್ನು ಯಾವ ಗದ್ದೆಗೆ ಕಳಿಸಲಿ? ಎರಡೂ ತಾಕು ಸಂಶಯಾಸ್ಪದ ಅಂತ ಬರೆ. ಎರಡನ್ನೂ ಸುಟ್ಟುಬಿಡೋಣ. ನ್ಯಾಯ ಸಮಾನವಾಗಿರುತ್ತದೆ."

ಸಮಾನತೆ ಅಂತ ಮೇಲೆ ಹೇಳಿದೆನಲ್ಲ, ಅದು ಇದೇ.

ವಸಂತಿಗೂ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. "ಅಯ್ಯೋ ದೇವರೇ," ಅಂದಳು, ಆಮೇಲೆ, "ಆ ಹೆಂಗಸಿಗೆ ಹೇಳಿದ್ರಾ?" ಅಂದಳು.

"ಇಲ್ಲ."

"ಮತ್ತೆ ನನಗೆ ಯಾಕೆ ಫೋನು ಮಾಡ್ತಾ ಕೂತಿದ್ದೀರಿ?"

ಭಾನುವಾರ ಬೆಳಿಗ್ಗೆ ಹೋದೆ. ಜೋನ್ ಜಗಲಿಯಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಹೇಳಬೇಕೆಂದು ದಾರಿಯಲ್ಲಿ ಜೋಡಿಸಿಕೊಂಡ ಇಂಗ್ಲಿಷೆಲ್ಲ ಮರೆತುಹೋಯಿತು. ಮಧ್ಯಾಹ್ನದ ಸೂರ್ಯ, ನಮ್ಮ ದೇಶ, ನಿಮ್ಮ ದೇಶ ಅಂತ ತೊದಲಿದೆ. ಆಕೆ ಬಾಯಲ್ಲಿದ್ದ ಬಟ್ಟೆ ಕ್ಲಿಪ್ಪನ್ನು ತೆಗೆದಳು.

"ಮೂರು ದಿನ," ಅಂದಳು. "ಮೂರು ದಿನ ನನ್ನ ಗದ್ದೆಯಲ್ಲಿ ನಡೆದಿದ್ದೀ. ಈ ಮನೆಯ ಕಿಟಕಿಗಳೆಲ್ಲ ಯಾವ ಕಡೆ ಇವೆ ನೋಡಲಿಲ್ಲವಾ? ನನ್ನ ಬಟ್ಟೆ ಯಾವ ಕಡೆ ಒಣಗುತ್ತದೆ ನೋಡಲಿಲ್ಲವಾ? ಬಿಸಿಲು ಯಾವ ಕಡೆ ಅಂತ ಈ ಊರಿನ ಬೆಕ್ಕಿಗೂ ಗೊತ್ತು."

ಇಂಗ್ಲಿಷಿನಲ್ಲಿ ನೀನು, ನೀವು ಅಂತ ಬೇರೆ ಬೇರೆ ಇಲ್ಲ. ಆದರೂ ಆಕೆ ಅವತ್ತು ನೀವಿನಿಂದ ನೀನಿಗೆ ಇಳಿದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಬಾ," ಅಂದಳು.

ನಿಯಮದಲ್ಲಿ ಅವಕಾಶವಿರಲಿಲ್ಲ. ಹೋದೆ. ಗೇಟಿನ ಹತ್ತಿರ ನಿಂತು, "ರೋಗ ನೋಡಿದ್ದು ಎಲ್ಲಿ? ಬಾಯಲ್ಲಿ ಹೇಳಬೇಡ. ಕೈ ಮಾಡಿ ತೋರಿಸು," ಅಂದಳು.

ಎಡಕ್ಕೆ ತೋರಿಸಿದೆ.

ಆಕೆ ಗೇಟಿನ ಕಂಬ ಹಿಡಿದುಕೊಂಡು ನಿಧಾನವಾಗಿ ಹುಲ್ಲಿನ ಮೇಲೆ ಕೂತುಬಿಟ್ಟಳು. ನನ್ನ ತಾಯಿ ದೊಡ್ಡಾಸ್ಪತ್ರೆಯಲ್ಲಿ ಅಪ್ಪನ ಆಪರೇಷನ್ ಮುಗಿಯಿತು ಅಂದಾಗ ಹೀಗೇ ಕೂತದ್ದು ನೆನಪಾಯಿತು. ನಾನು ಕೊಡೆ ಹಿಡಿದು ಪಕ್ಕದಲ್ಲಿ ನಿಂತೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಆಮೇಲೆ ಇಬ್ಬರೂ ಬಲ ತಾಕಿನ ಸಾಲು ಸಾಲು ನಡೆದೆವು. ಒಂದು ಎಲೆಗೂ ಕಲೆಯಿರಲಿಲ್ಲ. "ಇದರ ಹೆಸರು ಮೆಗ್," ಅಂದಳು ನಡೆಯುತ್ತಾ. "ನಮ್ಮ ಕುರಿ ಕಾಯುವ ನಾಯಿಯ ಹೆಸರು. ನಲವತ್ತು ವರ್ಷ ಡೆನಿಸ್‌ಗೆ ಅನ್ನ ಹಾಕಿದವಳು ನಾನು. ಹೂವಿಗೆ ಇಟ್ಟದ್ದು ನಾಯಿಯ ಹೆಸರು." ಹೂವು ಹೇಗಿರುತ್ತದೆ ಅಂತ ಕೇಳುವ ಮುಖ ನನಗಿರಲಿಲ್ಲ. ಮೊಗ್ಗುಗಳನ್ನೆಲ್ಲ ಚಿವುಟಿ ಆಗಿತ್ತು. ಆಕೆಯೂ ಹೇಳಲಿಲ್ಲ.

ಅಂದು ಮಧ್ಯಾಹ್ನ ಅವಳ ಅಡಿಗೆಮನೆಯ ಮೇಜಿನಲ್ಲೇ ವರದಿ ಬರೆದೆ. ಇಡೀ ವೃತ್ತಿಯಲ್ಲಿ ನಾನು ಬರೆದ ಅತಿ ಚಿಕ್ಕ ವರದಿ ಅದು. "ನಾನು ಉತ್ತರವನ್ನು ದಕ್ಷಿಣವೆಂದು ತಿಳಿದೆ. ಎರಡೂ ತಾಕುಗಳ ಹೆಸರನ್ನು ಅದಲುಬದಲು ಮಾಡಿ ಓದಿಕೊಳ್ಳಿ." ಸಹಿ. ಒಂದು ಪ್ರತಿ ಯಾಪ್‌ಗೆ, ಒಂದು ಪ್ರಯೋಗಾಲಯಕ್ಕೆ, ಒಂದು ಜೋನ್‌ಳ ಕೈಗೆ. ಆಕೆಯ ಕೈಯಲ್ಲೊಂದು ಪ್ರತಿ ಇದ್ದ ಮೇಲೆ ಅದನ್ನು ಯಾರೂ ನುಂಗುವ ಹಾಗಿರಲಿಲ್ಲ. ಕ್ರೇಗ್ ಔಷಧಿಯವನನ್ನು ಹುಡುಕಿ ಹೇಳಿ ಬಂದ. ಸೋಮವಾರ ಏಳಕ್ಕೆ ಆತ ಬಂದು ಎಡ ತಾಕಿಗೆ ಹೊಡೆದ. ಕಂಪನಿಯ ಲಿಲ್ಲಿ ಹೋಯಿತು, ಡೆನಿಸ್‌ನದು ಉಳಿಯಿತು.

ಇನ್ನು, ಈ ಸತ್ಯಸಂಧತೆಗೆ ಕಂಪನಿ ನನ್ನನ್ನು ಹೇಗೆ ಗೌರವಿಸಿತು ಅಂತ ಕೇಳುತ್ತೀರಿ. ಹಿಂದಿರುಗಿದಾಗ ನನ್ನ ಮೇಜಿನ ಮೇಲೆ ಹದಿನೇಳು ದಿಕ್ಸೂಚಿಗಳಿದ್ದವು, ಬಣ್ಣದ ಕಾಗದ ಸುತ್ತಿ. ಶೌಚಾಲಯಕ್ಕೆ ಹೊರಟರೂ ಯಾರಾದರೊಬ್ಬರು "ತೆಂಕಿಗೆ ಹೋಗು" ಅನ್ನುತ್ತಿದ್ದರು. ನಾಲ್ಕು ವರ್ಷ ನನ್ನನ್ನು ಹೊರದೇಶಕ್ಕೆ ಕಳಿಸಲಿಲ್ಲ. ಯಾಪ್ ಮಾತ್ರ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಬೆಳೆ ಬಂದ ಮೇಲೆ ಜೋನ್ ತನ್ನ ಗೆಡ್ಡೆಗಳನ್ನು ನಮ್ಮ ಕಂಪನಿಗೆ ಕೊಡದೆ ಬೇರೆಯವರಿಗೆ ಕೊಟ್ಟಳು ಅಂತ ತಿಳಿದ ದಿನ, ನನ್ನ ಕೋಣೆಗೆ ಬಂದು, "ನಿನ್ನ ಮೆಗ್ ಹೋಯಿತು," ಅಂದು ಬಾಗಿಲು ಹಾಕಿಕೊಂಡು ಹೋದ. ಕೊಡದೇ ಇದ್ದದ್ದು ನ್ಯಾಯವೇ ಆಗಿತ್ತು. ನಾನಾಗಿದ್ದರೂ ಕೊಡುತ್ತಿರಲಿಲ್ಲ.

ಈಗ ನಿಮಗೆ ಕೊಡೆಯೂ ಇಲ್ಲ, ನಡಿಗೆಯೂ ಇಲ್ಲ. ಡ್ರೋನು ಮೇಲೆ ಹಾರಿ ಫೋಟೋ ತೆಗೆಯುತ್ತದೆ, ಕಂಪ್ಯೂಟರು ಕಲೆ ಹುಡುಕುತ್ತದೆ, ತಾಕಿನ ನಾಲ್ಕು ಮೂಲೆಯನ್ನೂ ಉಪಗ್ರಹ ಅಳೆದು ಹೇಳುತ್ತದೆ. ಅಂತೂ ಆ ಬಾಹ್ಯಾಕಾಶದವರು ನನ್ನ ಕೆಲಸಕ್ಕೆ ಬಂದರು, ನಾನು ನಿವೃತ್ತನಾದ ಮೇಲೆ. ನನ್ನ ತಪ್ಪನ್ನು ನೀವು ಮಾಡಲಾರಿರಿ. ನಿಮ್ಮದೇ ಹೊಸದೊಂದನ್ನು ಮಾಡುತ್ತೀರಿ, ಅದಕ್ಕೂ ಯಾವುದೋ ಪ್ರಯೋಗಾಲಯ ಮೊಹರು ಒತ್ತಿ ಕೊಡುತ್ತದೆ. ಶ್ರೇಯಾ, ಆಗ ಯಾರಾದರೂ ಬಂದು "ಇನ್ನೊಮ್ಮೆ ನೋಡಿ" ಅಂದರೆ ನೋಡು. ನಿಯಮ ಪುಸ್ತಕದಲ್ಲಿ ಅದಕ್ಕೆ ಜಾಗ ಇರುವುದಿಲ್ಲ. ಮತ್ತೆ ಆ ಜನರ ರಜೆಯನ್ನು ಗೇಲಿ ಮಾಡಬೇಡ. ಆ ವರ್ಷ ಒಬ್ಬ ಮೀನು ಹಿಡಿಯದೆ ಕೆಲಸಕ್ಕೆ ಬಂದಿದ್ದರೆ ಈ ಕಥೆ ಅರ್ಧಕ್ಕೇ ಮುಗಿಯುತ್ತಿತ್ತು.

ನಾನು ನಿವೃತ್ತನಾದ ವರ್ಷ ಟಿಲ್‌ಬರ್ಗ್‌ನ ಶನಿವಾರದ ಸಂತೆಯಲ್ಲಿ, ಹೂವಿನವನ ಬಕೆಟ್ಟೊಂದರ ಚೀಟಿಯಲ್ಲಿ "ಮೆಗ್" ಅಂತ ಬರೆದಿತ್ತು. ಒಂದು ಕಟ್ಟು ಕೊಂಡೆ, ಎಲ್ಲ ಮೊಗ್ಗೇ. ವಸಂತಿ ಹಿತ್ತಾಳೆ ಚೊಂಬಿನಲ್ಲಿ ನೀರು ಹಾಕಿ ಕಿಟಕಿಯ ಹತ್ತಿರ ಇಟ್ಟಳು. ಮಂಗಳವಾರ ಬೆಳಿಗ್ಗೆ ಮೊದಲನೆಯದು ಬಿರಿಯಿತು. ಬಿಳಿ, ಒಳಗೆ ಕಂಠದ ಹತ್ತಿರ ಎಳೆಸೌತೆಯ ಹಸಿರು. ಫೋಟೋ ತೆಗೆದು ಜೋನ್‌ಳಿಗೆ ಕಳಿಸಿದೆ.

ಸಂಜೆಗೆ ಉತ್ತರ ಬಂತು. "ಕಿಟಕಿ ಯಾವ ದಿಕ್ಕಿಗಿದೆ?" ಅಂತ ಒಂದೇ ಸಾಲು.

ಎದ್ದು ಹೋಗಿ ನೋಡಿಕೊಂಡು ಬಂದು ಬರೆದೆ.